ಲ್ಯಾಪ್‌ಟಾಪ್ ಆನ್ ಆಗುತ್ತದೆ, ವಿಂಡೋಸ್ ಬರುವುದಿಲ್ಲ: ಒಳಗಿರುವ ಫೋಟೋಗಳ ಗತಿ ಏನು?

ಓದುಗರ ಪ್ರಶ್ನೆ

ನನ್ನ ಲ್ಯಾಪ್‌ಟಾಪ್‌ಗೆ ಐದು ವರ್ಷ ಆಯಿತು. ಒಳಗೆ ಎರಡು ಡ್ರೈವ್ ಇವೆ. ವಿಂಡೋಸ್ ಇರುವುದು 256 ಜಿಬಿ ಎಸ್‌ಎಸ್‌ಡಿಯಲ್ಲಿ, ಫೋಟೋ ಮತ್ತು ವಿಡಿಯೋ ಇರುವುದು 1 ಟಿಬಿ ಹಾರ್ಡ್‌ಡಿಸ್ಕ್‌ನಲ್ಲಿ. ಹೋದ ವಾರ ಅಪ್‌ಡೇಟ್ ನಡೆಯುತ್ತಿದ್ದಾಗ ಚಾರ್ಜ್ ಮುಗಿದು ಆಫ್ ಆಯಿತು. ಅವತ್ತಿನಿಂದ 'ಪ್ರಿಪೇರಿಂಗ್ ಆಟೊಮ್ಯಾಟಿಕ್ ರಿಪೇರ್' ಅಂತ ಬರುತ್ತದೆ, ರೀಸ್ಟಾರ್ಟ್ ಆಗುತ್ತದೆ, ಮತ್ತೆ ಅದೇ ಬರುತ್ತದೆ. ಕೆಲವು ಸಲ 'ಸ್ಕ್ಯಾನಿಂಗ್ ಅಂಡ್ ರಿಪೇರಿಂಗ್ ಡ್ರೈವ್ ಡಿ' ಅಂತ ಬಂದು ಗಂಟೆಗಟ್ಟಲೆ ಒಂದೇ ಅಂಕಿಯಲ್ಲಿ ನಿಂತುಬಿಡುತ್ತದೆ. ಆಗ ಒಳಗಿಂದ ಟಿಕ್ ಟಿಕ್ ಅಂತ ಸದ್ದು ಕೇಳಿಸುತ್ತದೆ. ಗೊತ್ತಿರುವವರೊಬ್ಬರು 'ಫಾರ್ಮ್ಯಾಟ್ ಮಾಡಿ, ಆಮೇಲೆ ಸಾಫ್ಟ್‌ವೇರ್ ಹಾಕಿ ಎಲ್ಲ ವಾಪಸ್ ತೆಗೆಯಬಹುದು' ಅಂದರು. ಇನ್ನೊಬ್ಬರು ಹಾರ್ಡ್‌ಡಿಸ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರೀಜರ್‌ನಲ್ಲಿಡಿ ಅಂದರು. ಡೆಸ್ಕ್‌ಟಾಪ್‌ನಲ್ಲಿ ನನ್ನ ಕೆಲಸದ ಲೆಕ್ಕದ ಫೈಲುಗಳಿವೆ. ಡಿ ಡ್ರೈವ್‌ನಲ್ಲಿ ಮಗಳು ಹುಟ್ಟಿದಾಗಿನಿಂದ ತೆಗೆದ ಫೋಟೋಗಳಿವೆ. ಬ್ಯಾಕಪ್ ಇಲ್ಲ. ಯಾವುದನ್ನು ಮೊದಲು ಮಾಡಲಿ?

ಉತ್ತರ

ಮೊದಲು ಲ್ಯಾಪ್‌ಟಾಪ್ ಆಫ್ ಮಾಡಿ. ಪವರ್ ಬಟನ್ ಒತ್ತಿ ಹಿಡಿದು ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದಿಡಿ. ಇದನ್ನು ಓದಿ ಮುಗಿಸುವ ತನಕ 'ಇನ್ನೊಂದು ಸಲ ನೋಡೋಣ' ಅಂತ ಆನ್ ಮಾಡಬೇಡಿ. ನೀವು ಬರೆದಿದ್ದರಲ್ಲಿ ನನಗೆ ಹೆಚ್ಚು ಕಳವಳ ತಂದದ್ದು ಆ ಟಿಕ್ ಟಿಕ್ ಸದ್ದು.

ನೀವು ಒಂದೇ ತೊಂದರೆ ಅಂದುಕೊಂಡಿದ್ದೀರಿ, ನನಗೆ ಎರಡು ಕಾಣಿಸುತ್ತಿವೆ. ಒಂದು, ವಿಂಡೋಸ್ ಏಳುತ್ತಿಲ್ಲ. ಎರಡು, ಫೋಟೋ ಇರುವ ಹಾರ್ಡ್‌ಡಿಸ್ಕ್‌ಗೆ ಹುಷಾರಿಲ್ಲ. ಮೊದಲನೆಯದು ತಲೆನೋವಿನ ಕೆಲಸ ನಿಜ, ಆದರೆ ಬರೀ ಅದರಿಂದ ಫೈಲ್ ಹೋಗುವುದು ಅಪರೂಪ. ಎರಡನೆಯದರಲ್ಲಿ ಫೈಲ್ ನಿಜವಾಗಿಯೂ ಹೋಗಬಹುದು. ಜನ ಇವೆರಡನ್ನೂ ಒಂದೇ ಅಂದುಕೊಂಡು, 'ಮೊದಲು ಕಂಪ್ಯೂಟರ್ ಸರಿಯಾಗಲಿ, ಫೈಲ್ ಆಮೇಲೆ ನೋಡೋಣ' ಅಂತ ಹೊರಡುತ್ತಾರೆ. ನನ್ನ ಕೈಗೆ ಬರುವ ಡ್ರೈವ್‌ಗಳಲ್ಲಿ ಕೆಟ್ಟ ಗಳಿಗೆಯಲ್ಲಿ ಹೋದ ಡೇಟಾಗಿಂತ, ಕೆಟ್ಟ ಮೇಲೆ ರಿಪೇರಿಯ ಹೆಸರಲ್ಲಿ ಹೋದ ಡೇಟಾವೇ ಜಾಸ್ತಿ. ಆದ್ದರಿಂದ ಮೊದಲು ಕಾಪಿ, ಆಮೇಲೆ ರಿಪೇರಿ. ಕೆಳಗೆ ಹೇಳುವುದೆಲ್ಲ ಇದೇ ಲೆಕ್ಕದಲ್ಲಿ ಇದೆ.

ಬೂಟ್ ಆಗದಿದ್ದರೆ ಡೇಟಾ ಹೋಯಿತು ಅಂತಲ್ಲ

ವಿಂಡೋಸ್ ಬೂಟ್ ಆಗದಿರುವುದು ಬಾಗಿಲಿನ ಬೀಗ ಕೆಟ್ಟ ಹಾಗೆ. ಒಳಗೆ ಹೋಗಲು ಆಗುತ್ತಿಲ್ಲ ಅಷ್ಟೇ, ಸಾಮಾನು ಇಟ್ಟಲ್ಲೇ ಇರುತ್ತದೆ.

ಪವರ್ ಬಟನ್ ಒತ್ತಿದಾಗ ಮೊದಲು ಏಳುವುದು ಮದರ್‌ಬೋರ್ಡಿನ ಚಿಪ್ ಒಂದರಲ್ಲಿರುವ ಯುಇಎಫ್‌ಐ. ಹಳೇ ಅಭ್ಯಾಸದಿಂದ ಎಲ್ಲರೂ ಅದನ್ನು ಬಯೋಸ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅದು ಮೆಮೊರಿ, ಕೀಬೋರ್ಡ್, ಡ್ರೈವ್ ಎಲ್ಲ ಇವೆಯಾ ಅಂತ ನೋಡುತ್ತದೆ. ಆಮೇಲೆ ಎಸ್‌ಎಸ್‌ಡಿಯಲ್ಲಿ ನಮ್ಮ ಕಣ್ಣಿಗೆ ಬೀಳದ ಹಾಗೆ ಇಟ್ಟಿರುವ, ಸಾಮಾನ್ಯವಾಗಿ 100 ಎಂಬಿಯಷ್ಟು ದೊಡ್ಡದಿರುವ ಪುಟ್ಟ ಪಾರ್ಟಿಶನ್‌ಗೆ ಹೋಗಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಎಬ್ಬಿಸುತ್ತದೆ. ಬೂಟ್ ಮ್ಯಾನೇಜರ್ ಅಲ್ಲೇ ಇರುವ ಬಿಸಿಡಿ ಅನ್ನುವ ಸಣ್ಣ ಫೈಲ್ ಓದಿ ವಿಂಡೋಸ್ ಎಲ್ಲಿದೆ ಅಂತ ತಿಳಿದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಕರ್ನಲ್, ಡ್ರೈವರ್‌ಗಳು, ಕೊನೆಗೆ ನಿಮ್ಮ ಲಾಗಿನ್ ಪರದೆ. ಈ ಸಾಲಿನಲ್ಲಿ ಯಾವ ಹಂತ ತಪ್ಪಿದರೂ ಕಂಪ್ಯೂಟರ್ ಅಲ್ಲಿಗೇ ನಿಲ್ಲುತ್ತದೆ. ನಿಮ್ಮ ಲೆಕ್ಕದ ಫೈಲಿಗೂ ಫೋಟೋಗೂ ಈ ಸಾಲಿನಲ್ಲಿ ಯಾವ ಕೆಲಸವೂ ಇಲ್ಲ.

2024ರ ಜುಲೈ 19ರಂದು ನಡೆದದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ಸಾಫ್ಟ್‌ವೇರ್‌ಗೆ ಹೋದ ಒಂದು ದೋಷದ ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳಿಗೆ ಪೆಟ್ಟು ಬಿತ್ತು ಅಂತ ಮೈಕ್ರೋಸಾಫ್ಟ್ ಅಂದಾಜು ಮಾಡಿತು. ನೀಲಿ ಪರದೆ, ರೀಸ್ಟಾರ್ಟ್, ಮತ್ತೆ ನೀಲಿ ಪರದೆ. ವಿಮಾನ ನಿಲ್ದಾಣ, ಬ್ಯಾಂಕು, ಆಸ್ಪತ್ರೆಗಳ ಕೆಲಸ ನಿಂತಿತು. ಆದರೆ ಡಿಸ್ಕಿನಲ್ಲಿದ್ದ ಫೈಲುಗಳಿಗೆ ಏನೂ ಆಗಿರಲಿಲ್ಲ. ಸೇಫ್ ಮೋಡ್‌ಗೆ ಹೋಗಿ ಆ ಒಂದು ಕೆಟ್ಟ ಫೈಲನ್ನು ಅಳಿಸಿದರೆ ಕಂಪ್ಯೂಟರ್ ಎದ್ದು ಕೂರುತ್ತಿತ್ತು.

ನಿಮ್ಮ ಲ್ಯಾಪ್‌ಟಾಪ್ ಯಾಕೆ ಸುತ್ತುತ್ತಿದೆ? ಅಪ್‌ಡೇಟ್ ಅರ್ಧಕ್ಕೆ ನಿಂತದ್ದು ಕಾರಣವಾಗಿರಬಹುದು. ಆದರೆ ಇನ್ನೊಂದು ಅನುಮಾನವೂ ಇದೆ. ಸರಿಯಾಗಿ ಮುಚ್ಚದೆ ಆಫ್ ಆದ ಡ್ರೈವ್‌ಗೆ ವಿಂಡೋಸ್ ಒಂದು ಗುರುತು ಹಾಕಿಕೊಂಡಿರುತ್ತದೆ. ಮುಂದಿನ ಸಲ ಬೂಟ್ ಆಗುವಾಗ ಆ ಡ್ರೈವನ್ನು ತಪಾಸಣೆ ಮಾಡಲು ಹೋಗುತ್ತದೆ. ಡ್ರೈವ್ ಚೆನ್ನಾಗಿದ್ದರೆ ಇದು ಬೇಗ ಮುಗಿಯುತ್ತದೆ. ಡ್ರೈವಿನಲ್ಲಿ ಓದಲಾಗದ ಜಾಗಗಳಿದ್ದರೆ ವಿಂಡೋಸ್ ಕೇಳುತ್ತಲೇ ಇರುತ್ತದೆ, ಡ್ರೈವ್ ಒದ್ದಾಡುತ್ತಲೇ ಇರುತ್ತದೆ. ಅಂದರೆ ಸಿ ಡ್ರೈವ್ ಸರಿಯಾಗೇ ಇದ್ದು, ಪಕ್ಕದ ಹಾರ್ಡ್‌ಡಿಸ್ಕ್ ಬೂಟನ್ನು ಹಿಡಿದಿಟ್ಟುಕೊಂಡಿರುವ ಸಾಧ್ಯತೆಯೂ ಇದೆ. ಎರಡು ಡ್ರೈವ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಇದನ್ನು ಆಗಾಗ ನೋಡುತ್ತೇನೆ. ಹಾರ್ಡ್‌ಡಿಸ್ಕ್ ಬಿಚ್ಚಿ ಪಕ್ಕಕ್ಕಿಟ್ಟ ಕೂಡಲೇ ವಿಂಡೋಸ್ ಏನೂ ಆಗದವರ ಹಾಗೆ ಬಂದುಬಿಡುತ್ತದೆ.

ನಿಮಗೆ ಸಿಕ್ಕ ಎರಡು ಸಲಹೆ

ಫ್ರೀಜರ್ ವಿಷಯ ಮೊದಲು. ಹಾರ್ಡ್‌ಡಿಸ್ಕ್ ಒಳಗೆ ತಟ್ಟೆಗಳಿವೆ. ಲ್ಯಾಪ್‌ಟಾಪ್ ಡಿಸ್ಕ್‌ಗಳಲ್ಲಿ ಹೆಚ್ಚಿನವು ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ಅವುಗಳ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಹೆಡ್ ತೇಲುತ್ತಾ ಓದುತ್ತದೆ. ಕಣ್ಣಿಗೆ ಕಾಣದ ಧೂಳಿನ ಕಣವೂ ಆ ಸಂದಿಗಿಂತ ದೊಡ್ಡದು. ಫ್ರೀಜರ್‌ನಿಂದ ಹೊರಗೆ ತೆಗೆದ ತಣ್ಣನೆಯ ವಸ್ತುವಿನ ಮೇಲೆ ನೀರಿನ ಪಸೆ ಕೂರುತ್ತದೆ ಅಲ್ವಾ? ಅದೇ ಪಸೆ ತಟ್ಟೆಯ ಮೇಲೂ ಕೂರುತ್ತದೆ. ಆಮೇಲೆ ಅದನ್ನು ತಿರುಗಿಸಿದರೆ ಹೆಡ್‌ಗೂ ತಟ್ಟೆಗೂ ಏನಾಗಬಹುದು ಅಂತ ನೀವೇ ಯೋಚಿಸಿ. ಹಳೆಯ ಕಾಲದ ಕೆಲವು ಡಿಸ್ಕ್‌ಗಳು ಹೀಗೆ ಮಾಡಿದಾಗ ಸ್ವಲ್ಪ ಹೊತ್ತು ಓಡಿದ್ದುಂಟು, ಆ ಕತೆ ಇನ್ನೂ ಬಾಯಿಂದ ಬಾಯಿಗೆ ಓಡಾಡುತ್ತಿದೆ. ಮೆಲ್ಲಗೆ ತಟ್ಟುವುದು, ಮೇಲಿನ ಮುಚ್ಚಳ ಬಿಚ್ಚಿ ನೋಡುವುದು, ಇದೇ ಮಾಡೆಲ್‌ನ ಇನ್ನೊಂದು ಡಿಸ್ಕಿನ ಸರ್ಕ್ಯೂಟ್ ಬೋರ್ಡ್ ತಂದು ಹಾಕುವುದು ಕೂಡ ಇದೇ ಜಾತಿಗೆ ಸೇರಿದ್ದು. ಈಗಿನ ಬೋರ್ಡ್‌ಗಳಲ್ಲಿ ಆಯಾ ಡಿಸ್ಕಿನ ಹೆಡ್‌ಗಳಿಗೆ ಮಾತ್ರ ಹೊಂದುವ ಮಾಹಿತಿ ಬರೆದಿರುತ್ತಾರೆ. ಆ ಮಾಹಿತಿ ಇರುವ ಚಿಪ್ಪನ್ನೂ ಬದಲಿಸದೆ ಬರೀ ಬೋರ್ಡ್ ಬದಲಿಸಿದರೆ ಸಾಮಾನ್ಯವಾಗಿ ಕೆಲಸ ಆಗುವುದಿಲ್ಲ.

ಫಾರ್ಮ್ಯಾಟ್ ಮಾಡಿ ವಾಪಸ್ ತೆಗೆಯಬಹುದು ಅನ್ನುವ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದೇ ಅದರ ಅಪಾಯ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ ಯಾವ ಫೈಲ್ ಎಲ್ಲಿದೆ ಅನ್ನುವ ವಿವರ ಎಂಎಫ್‌ಟಿ ಎಂಬ ಪಟ್ಟಿಯಲ್ಲಿರುತ್ತದೆ. ಹಾರ್ಡ್‌ಡಿಸ್ಕ್‌ನಲ್ಲಿ ಫೈಲ್ ಅಳಿಸಿದಾಗ ಆ ಪಟ್ಟಿಯಲ್ಲಿ 'ಈ ಜಾಗ ಖಾಲಿ' ಅಂತ ಬರೆಯುತ್ತಾರೆ, ಫೈಲಿನ ಒಡಲು ಹಾಗೇ ಬಿದ್ದಿರುತ್ತದೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಹೊಸ ಪಟ್ಟಿ ಬರುತ್ತದೆ, ಆಗಲೂ ಹೆಚ್ಚಿನ ಡೇಟಾ ಸಿಗಬಹುದು. ಆದರೆ ಕ್ವಿಕ್ ಅನ್ನುವ ಗುರುತು ತೆಗೆದು ಫುಲ್ ಫಾರ್ಮ್ಯಾಟ್ ಒತ್ತಿದರೆ ವಿಸ್ಟಾ ನಂತರದ ಎಲ್ಲ ವಿಂಡೋಸ್‌ಗಳೂ ಇಡೀ ಡ್ರೈವ್ ಮೇಲೆ ಸೊನ್ನೆ ಬರೆಯುತ್ತವೆ. ಅಲ್ಲಿಗೆ ಮುಗಿಯಿತು, ಯಾವ ಸಾಫ್ಟ್‌ವೇರೂ ಏನೂ ಮಾಡಲಾರದು.

ನಿಮ್ಮ ಎಸ್‌ಎಸ್‌ಡಿಗೆ ಅರ್ಧ ಸತ್ಯವೂ ಅನ್ವಯಿಸುವುದಿಲ್ಲ. ಎಸ್‌ಎಸ್‌ಡಿಯಲ್ಲಿ ಫೈಲ್ ಅಳಿಸಿದಾಗ ಅಥವಾ ಫಾರ್ಮ್ಯಾಟ್ ಮಾಡಿದಾಗ ವಿಂಡೋಸ್ 'ಟ್ರಿಮ್' ಅನ್ನುವ ಆದೇಶ ಕಳಿಸುತ್ತದೆ. ಈ ಜಾಗ ಇನ್ನು ಬೇಡ ಅಂತ ಡ್ರೈವಿನ ಕಂಟ್ರೋಲರ್‌ಗೆ ಗೊತ್ತಾಗುತ್ತದೆ, ಅದು ತನ್ನ ಪಾಡಿಗೆ ಆ ಜಾಗವನ್ನು ಒರೆಸಲು ಶುರು ಮಾಡುತ್ತದೆ. ಆಮೇಲೆ ಓದಲು ಹೋದರೆ ಬರುವುದು ಬರೀ ಸೊನ್ನೆ. ಎಸ್‌ಎಸ್‌ಡಿಯಿಂದ ಅಳಿಸಿಹೋದ ಫೈಲನ್ನು ವಾಪಸ್ ತರುತ್ತೇವೆ ಅಂತ ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ. ನಿಮ್ಮ ಲೆಕ್ಕದ ಫೈಲುಗಳು ಇರುವುದು ಅಲ್ಲೇ. ಹಾಗಾಗಿ ಸಿ ಡ್ರೈವನ್ನು ಫಾರ್ಮ್ಯಾಟ್ ಮಾಡುವ ಮಾತೇ ಸದ್ಯಕ್ಕೆ ಬೇಡ.

ಯಾರೂ ನಿಮಗೆ ಹೇಳದೆ, ತಾನಾಗೇ ನಡೆಯುತ್ತಿರುವ ಮೂರನೆಯ ಅಪಾಯವೂ ಒಂದಿದೆ: ಆ 'ಸ್ಕ್ಯಾನಿಂಗ್ ಅಂಡ್ ರಿಪೇರಿಂಗ್'. ಅದರ ಹಿಂದೆ ಕೆಲಸ ಮಾಡುವುದು ಚೆಕ್‌ಡಿಸ್ಕ್. ಫೈಲ್ ವ್ಯವಸ್ಥೆಯಲ್ಲಿ ತಾಳೆ ಬರದ್ದನ್ನು ತಾಳೆ ಹಾಕುವುದು ಅದರ ಕೆಲಸ. ನಿಮ್ಮ ಫೋಟೋ ಉಳಿಯಬೇಕು ಅನ್ನುವುದು ಅದಕ್ಕೆ ಗೊತ್ತಿಲ್ಲ. ಪಟ್ಟಿಯಲ್ಲಿ ಅರ್ಧ ಕೆಟ್ಟ ಫೋಲ್ಡರ್ ಕಂಡರೆ ಅದನ್ನು ಕಿತ್ತು, ತುಂಡುಗಳನ್ನು 'ಫೌಂಡ್ 000' ಅನ್ನುವ ಫೋಲ್ಡರ್‌ಗೆ ಸುರಿದು, ಎಲ್ಲ ಸರಿಯಾಯಿತು ಅಂತ ವರದಿ ಕೊಡಬಹುದು. ಆರೋಗ್ಯವಾಗಿರುವ ಡಿಸ್ಕಿಗೆ ಅದು ಒಳ್ಳೆಯ ಸಾಧನ. ಸಾಯುತ್ತಿರುವ ಡಿಸ್ಕಿಗೆ ಅಲ್ಲ. ಅದರಲ್ಲೂ ಪ್ರತಿ ಸೆಕ್ಟರ್, ಅಂದರೆ ಡಿಸ್ಕಿನ ಪುಟ್ಟ ಪುಟ್ಟ ತುಣುಕನ್ನೂ ಓದಿಸುವ ಆರ್ ಆಯ್ಕೆ ಹಾಕಿ ಓಡಿಸಿದರೆ, ಬಳಲಿದ ಹೆಡ್‌ಗೆ ಇಡೀ ತಟ್ಟೆಯನ್ನು ಉಜ್ಜುವ ಕೆಲಸ ಕೊಟ್ಟ ಹಾಗಾಗುತ್ತದೆ. ಬೂಟ್ ಆಗುವಾಗ ತಪಾಸಣೆ ಶುರುವಾಗುವ ಮುಂಚೆ, ಬೇಡವೆಂದರೆ ಯಾವುದಾದರೂ ಕೀ ಒತ್ತಿ ಅಂತ ಕೆಲವು ಸೆಕೆಂಡ್ ತೋರಿಸುತ್ತದೆ. ಆಗಲೇ ಒತ್ತಿಬಿಡಬೇಕು.

ಹಾರ್ಡ್‌ಡಿಸ್ಕ್ ಬಿಚ್ಚಿಟ್ಟು, ಎಸ್‌ಎಸ್‌ಡಿ ಕೆಲಸ ಮುಗಿಸಿ

ಯಾವುದು ಮೊದಲು ಅಂತ ಕೇಳಿದ್ದೀರಿ. ಫೋನ್ ತೆಗೆದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಒನ್‌ಡ್ರೈವ್ (ಫೈಲುಗಳನ್ನು ಇಂಟರ್ನೆಟ್‌ನಲ್ಲಿ ಇಡುವ ಜಾಗ) ನೋಡಿ, ಇದೇ ಮೊದಲು. ವಿಂಡೋಸ್ ಸೆಟಪ್ ಮಾಡುವಾಗ ಕೇಳಿದ್ದಕ್ಕೆಲ್ಲ ಓಕೆ ಒತ್ತಿದ್ದರೆ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರ್‌ಗಳು ನಿಮಗೇ ಗೊತ್ತಿಲ್ಲದೆ ಅಲ್ಲಿಗೆ ಹೋಗುತ್ತಿರಬಹುದು. ಬ್ಯಾಕಪ್ ಇಲ್ಲ ಅಂತ ಅಳುಮುಖ ಮಾಡಿಕೊಂಡು ಬಂದವರ ಫೈಲುಗಳು ಅಲ್ಲಿ ತಣ್ಣಗೆ ಕೂತಿದ್ದನ್ನು ನೋಡಿದ್ದೇನೆ. ಹಾಗೆಯೇ ಫೋನಿನಲ್ಲಿ ತೆಗೆದ ಫೋಟೋಗಳು ಗೂಗಲ್ ಫೋಟೋಸ್‌ನಲ್ಲಿವೆಯಾ ಅಂತಲೂ ನೋಡಿ.

ಆಮೇಲೆ ಲ್ಯಾಪ್‌ಟಾಪಿನಿಂದ ಹಾರ್ಡ್‌ಡಿಸ್ಕ್ ಹೊರಗೆ ಬರಬೇಕು. ಹಿಂಬದಿಯ ಮುಚ್ಚಳ ತೆಗೆದು, ಬ್ಯಾಟರಿಯ ಕನೆಕ್ಟರ್ ಕಳಚಿ, ಆಮೇಲೆ ಡಿಸ್ಕ್ ಬಿಚ್ಚುವುದು. ಅಭ್ಯಾಸ ಇಲ್ಲದಿದ್ದರೆ ತಂತ್ರಜ್ಞರ ಕೈಲಿ ಮಾಡಿಸಿ. ಆದರೆ ಕೊಡುವಾಗಲೇ ಬಿಡಿಸಿ ಹೇಳಿ: 'ಡಿಸ್ಕ್ ಬಿಚ್ಚಿ ನನ್ನ ಕೈಗೆ ಕೊಡಿ. ಬೇರೆ ಕಂಪ್ಯೂಟರಿಗೆ ಹಾಕಿ ನೋಡಬೇಡಿ, ಚೆಕ್ ಮಾಡಬೇಡಿ.' ಒಳ್ಳೆಯ ಮನಸ್ಸಿನಿಂದಲೇ 'ಸುಮ್ನೆ ಒಂದ್ಸಲ ನೋಡಿದೆ' ಅನ್ನುವವರು ತುಂಬಾ ಜನ.

ಈಗ ಎಸ್‌ಎಸ್‌ಡಿ ಒಂದೇ ಇಟ್ಟುಕೊಂಡು ಆನ್ ಮಾಡಿ. ವಿಂಡೋಸ್ ಬಂದರೆ ಖುಷಿಯಲ್ಲಿ ಬೇರೆ ಕೆಲಸ ಶುರು ಮಾಡಬೇಡಿ. ಪೆನ್‌ಡ್ರೈವ್ ಹಾಕಿ, ಲೆಕ್ಕದ ಫೈಲುಗಳನ್ನು ಕಾಪಿ ಮಾಡಿ.

ಬರದಿದ್ದರೂ ಗಾಬರಿ ಬೇಡ. ಸತತ ಎರಡು ಸಲ ಏಳಲು ಸೋತರೆ ವಿಂಡೋಸ್ ಮೂರನೆಯ ಸಲ ತಾನೇ ರಿಕವರಿ ಪರದೆಗೆ ಹೋಗುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅದರೊಳಗೆ ಅಡ್ವಾನ್ಸ್‌ಡ್ ಆಪ್ಶನ್ಸ್, ಅದರೊಳಗೆ ಕಮಾಂಡ್ ಪ್ರಾಂಪ್ಟ್. ಕಪ್ಪು ಕಿಟಕಿ ಬಂದಾಗ ನೋಟ್‌ಪ್ಯಾಡ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ನಗಬೇಡಿ, ಇದು ನಿಜವಾಗಿಯೂ ಕೆಲಸ ಮಾಡುತ್ತದೆ. ನೋಟ್‌ಪ್ಯಾಡ್ ತೆರೆದ ಮೇಲೆ ಫೈಲ್ ಮೆನುವಿನಲ್ಲಿ ಓಪನ್ ಒತ್ತಿ, ಕೆಳಗೆ 'ಆಲ್ ಫೈಲ್ಸ್' ಆರಿಸಿ. ಆ ಪುಟ್ಟ ಕಿಟಕಿಯೇ ಈಗ ನಿಮ್ಮ ಫೈಲ್ ಎಕ್ಸ್‌ಪ್ಲೋರರ್. ಯೂಸರ್ಸ್ ಫೋಲ್ಡರ್, ಅದರೊಳಗೆ ನಿಮ್ಮ ಹೆಸರು, ಅದರೊಳಗೆ ಡೆಸ್ಕ್‌ಟಾಪ್. ಅಲ್ಲಿಲ್ಲದಿದ್ದರೆ ನಿಮ್ಮ ಹೆಸರಿನ ಫೋಲ್ಡರಿನಲ್ಲೇ ಒನ್‌ಡ್ರೈವ್ ಒಳಗೆ ಇನ್ನೊಂದು ಡೆಸ್ಕ್‌ಟಾಪ್ ಇರುತ್ತದೆ. ಬೇಕಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ, ಪೆನ್‌ಡ್ರೈವ್‌ಗೆ ಹೋಗಿ ಪೇಸ್ಟ್. ಎಷ್ಟು ಮುಗಿಯಿತು ಅಂತ ತೋರಿಸುವ ಪಟ್ಟಿ ಸಾಮಾನ್ಯವಾಗಿ ಬರುವುದಿಲ್ಲ, ಕಿಟಕಿ ಸತ್ತುಹೋದ ಹಾಗೆ ಕಾಣುತ್ತದೆ. ಪೆನ್‌ಡ್ರೈವಿನ ದೀಪ ಮಿನುಗುತ್ತಿದ್ದರೆ ಕಾಪಿ ನಡೆಯುತ್ತಿದೆ ಅಂತ ಅರ್ಥ, ಕಾಯಿರಿ. ಇನ್ನೊಂದು ಮಾತು, ಇಲ್ಲಿ ಡ್ರೈವ್ ಅಕ್ಷರಗಳು ಅದಲುಬದಲಾಗಿರಬಹುದು. ಸಿ ಅಂತ ತೆರೆದರೆ ಖಾಲಿ ಕಂಡಿತು ಅಂತ ಎದೆ ಒಡೆದುಕೊಳ್ಳಬೇಡಿ, ಬೇರೆ ಅಕ್ಷರಗಳನ್ನೂ ನೋಡಿ.

ಕಮಾಂಡ್ ಪ್ರಾಂಪ್ಟ್ ತೆರೆಯುವ ಮುಂಚೆ 48 ಅಂಕಿಯ ಕೀ ಕೇಳಿದರೆ ಡ್ರೈವ್ ವಿಂಡೋಸ್‌ನದೇ ಬೀಗವಾದ ಬಿಟ್‌ಲಾಕರ್‌ನಿಂದ ಲಾಕ್ ಆಗಿದೆ ಅಂತ ಅರ್ಥ. ನಾನು ಇದನ್ನು ಆನ್ ಮಾಡಿಯೇ ಇಲ್ಲವಲ್ಲ ಅನ್ನಿಸಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಅದು ತಾನಾಗೇ ಆನ್ ಆಗುತ್ತದೆ. ಕೀ ಸಾಮಾನ್ಯವಾಗಿ ಅದೇ ಖಾತೆಯ ವೆಬ್‌ಸೈಟಿನಲ್ಲಿ, ನಿಮ್ಮ ಸಾಧನಗಳ ಪಟ್ಟಿಯಲ್ಲಿ ಉಳಿದಿರುತ್ತದೆ. ಆಫೀಸಿನ ಲ್ಯಾಪ್‌ಟಾಪ್ ಆದರೆ ಆಫೀಸಿನ ಐಟಿಯವರ ಬಳಿ ಇರಬಹುದು. ಕ್ರೌಡ್‌ಸ್ಟ್ರೈಕ್ ದಿನ ಐಟಿಯವರನ್ನು ಹೈರಾಣ ಮಾಡಿದ್ದರಲ್ಲಿ ಈ ಕೀ ಹುಡುಕುವ ಕೆಲಸವೂ ಒಂದು. ಕೀ ಇಲ್ಲ ಅಂದರೆ ನನ್ನಿಂದಲೂ ಆಗದು, ಯಾವ ಲ್ಯಾಬಿನಿಂದಲೂ ಆಗದು.

ರಿಕವರಿ ಪರದೆಯೇ ಬರದಿದ್ದರೆ ಉಬುಂಟು (ವಿಂಡೋಸ್ ಬದಲಿಗೆ ಬಳಸುವ ಉಚಿತ ಲಿನಕ್ಸ್ ವ್ಯವಸ್ಥೆ) ಹಾಕಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, 'ಟ್ರೈ' ಅನ್ನುವುದನ್ನು ಆರಿಸಿ ಫೈಲ್ ಕಾಪಿ ಮಾಡಬಹುದು. 'ಇನ್‌ಸ್ಟಾಲ್' ಒತ್ತಿದರೆ ಕೆಲಸ ಕೆಡುತ್ತದೆ. ಅಲ್ಲಿ ಕೈ ನಿಧಾನವಾಗಿರಲಿ.

ಕಾಪಿ ಆದ ಮೇಲೆ ರಿಪೇರಿ ಧೈರ್ಯವಾಗಿ ಮಾಡಿ. ಅಪ್‌ಡೇಟ್ ಮಧ್ಯೆ ನಿಂತಿದ್ದರಿಂದ ನಾನಾದರೆ ಮೊದಲು 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್' ಆರಿಸಿ ಕೊನೆಯ ಕ್ವಾಲಿಟಿ ಅಪ್‌ಡೇಟ್ ತೆಗೆಯುತ್ತೇನೆ. ಆಗದಿದ್ದರೆ ಸಿಸ್ಟಮ್ ರಿಸ್ಟೋರ್, ಆಮೇಲೆ ಸ್ಟಾರ್ಟಪ್ ರಿಪೇರ್. ಯಾವುದಕ್ಕೂ ಬಗ್ಗದಿದ್ದರೆ 'ರೀಸೆಟ್ ದಿಸ್ ಪಿಸಿ'ಯಲ್ಲಿ 'ಕೀಪ್ ಮೈ ಫೈಲ್ಸ್'. ಅದರಲ್ಲಿ ಹಾಕಿಕೊಂಡ ಸಾಫ್ಟ್‌ವೇರ್‌ಗಳು ಹೋಗುತ್ತವೆ, ನಿಮ್ಮ ಫೋಲ್ಡರ್‌ಗಳು ಉಳಿಯುತ್ತವೆ. ಪಕ್ಕದಲ್ಲೇ 'ರಿಮೂವ್ ಎವೆರಿಥಿಂಗ್' ಇರುತ್ತದೆ. ಅದನ್ನು ಒತ್ತಿದರೆ, ವಿಂಡೋಸ್ ಇರುವ ಡ್ರೈವ್ ಮಾತ್ರವೋ ಎಲ್ಲ ಡ್ರೈವ್‌ಗಳೋ ಅಂತಲೂ ಕೇಳಬಹುದು. ಗಡಿಬಿಡಿಯಲ್ಲಿ ಎಲ್ಲ ಡ್ರೈವ್ ಅಂದವರನ್ನು ಕಂಡಿದ್ದೇನೆ. ಹೊಸದಾಗಿ ವಿಂಡೋಸ್ ಹಾಕುವಾಗಲೂ ಡಿಸ್ಕ್ 0, ಡಿಸ್ಕ್ 1 ಅಂತ ಮಾತ್ರ ತೋರಿಸುತ್ತದೆ, ಅಲ್ಲಿ ತಪ್ಪು ಪಾರ್ಟಿಶನ್ ಅಳಿಸುವುದು ಬಲು ಸುಲಭ. ಹಾರ್ಡ್‌ಡಿಸ್ಕ್ ಬಿಚ್ಚಿಡಿ ಅಂದದ್ದಕ್ಕೆ ಇದೂ ಒಂದು ಕಾರಣ.

ಇದಕ್ಕೂ ಮುಂಚೆ ಬಯೋಸ್ ಒಳಗೆ ಒಮ್ಮೆ ಇಣುಕುವುದು ಒಳ್ಳೆಯದು. ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ಬಟನ್ ಬ್ಯಾಟರಿ ಸತ್ತಿರಬಹುದು. ಆಗ ಬಯೋಸ್ ಸೆಟ್ಟಿಂಗ್‌ಗಳು ಮೊದಲಿನಂತಾಗಿ, ಡ್ರೈವ್ ಓದುವ ವಿಧಾನ ಎಎಚ್‌ಸಿಐನಿಂದ ರೇಯ್ಡ್‌ಗೋ ಅದರಿಂದ ಇದಕ್ಕೋ ಬದಲಾಗಿಬಿಡುತ್ತದೆ. 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಅನ್ನುವ ನೀಲಿ ಪರದೆಗೆ ಇದು ಸಾಮಾನ್ಯ ಕಾರಣಗಳಲ್ಲಿ ಒಂದು. ಆ ಒಂದು ಸೆಟ್ಟಿಂಗ್ ಮೊದಲಿದ್ದ ಹಾಗೆ ಮಾಡಿದರೆ ಸಾಕು, ವಿಂಡೋಸ್ ಬರುತ್ತದೆ. ಇದು ಗೊತ್ತಿಲ್ಲದೆ ಹೊಸ ವಿಂಡೋಸ್ ಹಾಕಿಸಿಕೊಂಡವರು ಎಷ್ಟೋ ಜನ.

ಈಗ ಹಾರ್ಡ್‌ಡಿಸ್ಕ್

ಇದೇ ಕಷ್ಟದ ಭಾಗ. ಎಲ್ಲ ಟಿಕ್ ಸದ್ದೂ ಒಂದೇ ಅಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಟಿಕ್ ಬಂದರೆ ಹೆಡ್ ತನ್ನ ಜಾಗಕ್ಕೆ ಹೋಗಿ ನಿಂತಿತು ಅಂತ, ಅದು ಸಹಜ. ಒಂದೇ ಲಯದಲ್ಲಿ ಬಿಡದೆ ಬರುವ ಟಿಕ್ ಬೇರೆ. ತಟ್ಟೆಯ ಮೇಲೆ ಹೆಡ್‌ಗೆ ದಾರಿ ತೋರಿಸುವ ಗುರುತುಗಳಿರುತ್ತವೆ. ಅವು ಓದಲು ಸಿಗದಿದ್ದಾಗ ಹೆಡ್ ಹಿಂದಕ್ಕೆ ಹೋಗಿ ಮತ್ತೆ ಬರುತ್ತದೆ, ಮತ್ತೆ ಸೋಲುತ್ತದೆ. ಅದರ ಸದ್ದು ಅದು. ಹೆಡ್ ಹಾಳಾಗಿದ್ದರೆ ಒಂದೊಂದು ಸುತ್ತಿಗೂ ತಟ್ಟೆಯ ಮೇಲ್ಮೈ ಕೆರೆದುಹೋಗುವ ಅಪಾಯವಿದೆ. ಕೆರೆದುಹೋದ ಜಾಗದಲ್ಲಿ ಇದ್ದ ಫೋಟೋವನ್ನು ಯಾರೂ ವಾಪಸ್ ತರಲಾರರು.

ನಿಮ್ಮದು ಬಿಡದೆ ಬರುವ ಟಿಕ್ ಆಗಿದ್ದರೆ, ಅಥವಾ ಬಯೋಸ್‌ನಲ್ಲಿ ಆ ಡಿಸ್ಕಿನ ಹೆಸರೇ ಬರುತ್ತಿರಲಿಲ್ಲ ಅಂದರೆ, ನನ್ನ ಸಲಹೆ ಒಂದೇ. ಮತ್ತೆ ಕರೆಂಟ್ ಕೊಡಬೇಡಿ, ಡೇಟಾ ರಿಕವರಿ ಲ್ಯಾಬಿಗೆ ಕೊಡಿ. ಮಗಳ ಫೋಟೋ ಮತ್ತೆ ತೆಗೆಯಲು ಆಗುವುದಿಲ್ಲವಲ್ಲ. ಲ್ಯಾಬಿನವರು ಧೂಳಿಲ್ಲದ ಕ್ಲೀನ್ ಕೋಣೆಯಲ್ಲಿ ಡಿಸ್ಕ್ ತೆರೆದು, ಹೊಂದುವ ಇನ್ನೊಂದು ಡಿಸ್ಕಿನ ಹೆಡ್ ತೆಗೆದು ಇದಕ್ಕೆ ಹಾಕಿ, ಅದು ತಡೆಯುವಷ್ಟು ಹೊತ್ತಿನಲ್ಲಿ ಆದಷ್ಟನ್ನು ಓದಿಕೊಳ್ಳುತ್ತಾರೆ. ಮೊದಲ ಪ್ರಯತ್ನದಲ್ಲಿ ಸಿಗುವಷ್ಟು ಎರಡನೆಯದರಲ್ಲಿ ಸಿಗುವುದಿಲ್ಲ. ಆದ್ದರಿಂದ ಲ್ಯಾಬ್ ಆರಿಸುವಾಗಲೇ ಎಚ್ಚರ ಬೇಕು. ಡಿಸ್ಕನ್ನು ಎಲ್ಲಿ ತೆರೆಯುತ್ತೀರಿ ಅಂತ ಕೇಳಿ. ಖರ್ಚು ಹೇಳುವ ಮುಂಚೆ ಪರೀಕ್ಷೆ ಮಾಡುತ್ತೀರಾ, ಸಿಕ್ಕ ಫೈಲುಗಳ ಪಟ್ಟಿ ತೋರಿಸಿ ಆಮೇಲೆ ಹಣ ತೆಗೆದುಕೊಳ್ಳುತ್ತೀರಾ ಅಂತಲೂ ಕೇಳಿ. ಡಿಸ್ಕ್ ನೋಡದೆಯೇ ನೂರಕ್ಕೆ ನೂರು ಗ್ಯಾರಂಟಿ ಅಂದರೆ ಎದ್ದು ಬನ್ನಿ. ಟಿಕ್ ಅನ್ನುತ್ತಿರುವ ಡಿಸ್ಕಿಗೆ 'ಮೊದಲು ಸಾಫ್ಟ್‌ವೇರ್ ಹಾಕಿ ನೋಡೋಣ' ಅಂದರೂ ಎದ್ದು ಬನ್ನಿ. ನೀವೂ ಏನನ್ನೂ ಮುಚ್ಚಿಡಬೇಡಿ. ಗಂಟೆಗಟ್ಟಲೆ ತಪಾಸಣೆ ಓಡಿದ್ದು, ಎಷ್ಟು ಸಲ ಆನ್ ಮಾಡಿದ್ದು ಎಲ್ಲ ಹೇಳಿದರೆ ಅವರಿಗೆ ಅನುಕೂಲ.

ಸದ್ದು ತಪಾಸಣೆ ನಿಂತಾಗ ಮಾತ್ರ ಅಲ್ಲೊಂದು ಇಲ್ಲೊಂದು ಬರುತ್ತಿತ್ತು, ಬಯೋಸ್‌ನಲ್ಲಿ ಡಿಸ್ಕಿನ ಹೆಸರೂ ಅಳತೆಯೂ ಸರಿಯಾಗಿ ಕಾಣುತ್ತಿತ್ತು ಅಂದರೆ ಇನ್ನೊಂದು ದಾರಿ ಇದೆ. ಹೆಡ್ ಚೆನ್ನಾಗಿದ್ದು ಕೆಲವು ಸೆಕ್ಟರ್‌ಗಳು ಮಾತ್ರ ಕೆಟ್ಟಿರಬಹುದು. ಅದನ್ನು ತಿಳಿಯಲು ಡಿಸ್ಕ್ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ಅಂಕಿಗಳನ್ನು ನೋಡಬೇಕು. ಲಿನಕ್ಸಿನ ಸ್ಮಾರ್ಟ್‌ಮಾನ್‌ಟೂಲ್ಸ್ ಅದನ್ನು ತೋರಿಸುತ್ತದೆ. 5 ಅಂದರೆ ಕೆಟ್ಟಿದ್ದಕ್ಕೆ ಬದಲಿ ಕೊಟ್ಟ ಸೆಕ್ಟರ್‌ಗಳು, 197 ಅಂದರೆ ಓದಲಾಗದೆ ಬಾಕಿ ಉಳಿದವು, 198 ಅಂದರೆ ಓದಿ ಸರಿಪಡಿಸಲು ಆಗದವು. ನಮಗೆ ಮುಖ್ಯವಾದದ್ದು 197. 199 ಒಂದೇ ಏರುತ್ತಿದ್ದರೆ ತೊಂದರೆ ಹೆಚ್ಚಾಗಿ ಕೇಬಲ್‌ನಲ್ಲಿ ಇರುತ್ತದೆ, ಆ ಭಾಗ್ಯ ನಿಮ್ಮದಾಗಲಿ.

ಆ ಸ್ಥಿತಿಯಲ್ಲಿ ಸರಿಯಾದ ಸಾಧನ ಡಿಡಿ ರೆಸ್ಕ್ಯೂ, ಲಿನಕ್ಸಿನ ಉಚಿತ ಸಾಫ್ಟ್‌ವೇರ್. ಫೈಲ್, ಫೋಲ್ಡರ್ ಅಂತ ನೋಡದೆ ಇಡೀ ಡಿಸ್ಕನ್ನು ಸೆಕ್ಟರ್ ಲೆಕ್ಕದಲ್ಲಿ ಇನ್ನೊಂದು ಡಿಸ್ಕಿಗೆ ಕಾಪಿ ಮಾಡುತ್ತದೆ. ಅದರ ಜಾಣತನ ಇರುವುದು ಕ್ರಮದಲ್ಲಿ. ಸುಲಭವಾಗಿ ಓದಲು ಸಿಗುವ ಜಾಗಗಳನ್ನು ಮೊದಲು ಎತ್ತಿಕೊಳ್ಳುತ್ತದೆ, ಕೆಟ್ಟ ಜಾಗ ಸಿಕ್ಕರೆ ಹಟ ಹಿಡಿಯದೆ ದಾಟಿ ಮುಂದೆ ಹೋಗುತ್ತದೆ, ಎಲ್ಲ ಮುಗಿದ ಮೇಲೆ ಕೆಟ್ಟದ್ದಕ್ಕೆ ವಾಪಸ್ ಬರುತ್ತದೆ. ಎಲ್ಲಿಗೆ ನಿಂತೆ ಅಂತ ಮ್ಯಾಪ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುವುದರಿಂದ ಮಧ್ಯೆ ನಿಲ್ಲಿಸಿ ಮತ್ತೆ ಮುಂದುವರಿಸಬಹುದು. ವಿಂಡೋಸ್‌ನ ಮಾಮೂಲಿ ಕಾಪಿ ಪೇಸ್ಟ್ ಮಾಡುವುದು ಇದಕ್ಕೆ ತದ್ವಿರುದ್ಧ, ಕೆಟ್ಟ ಫೈಲ್ ಎದುರಾದರೆ ಅದರ ಮೇಲೇ ತಲೆ ಚಚ್ಚಿಕೊಳ್ಳುತ್ತದೆ.

ಇದರಲ್ಲಿ ಎರಡು ಅಪಾಯ ಇವೆ. ಓಡುತ್ತಿರುವಾಗಲೇ ಡಿಸ್ಕ್ ಪೂರ್ತಿ ಸಾಯಬಹುದು, ಆಗ ಲ್ಯಾಬಿನ ಕೆಲಸವೂ ಕಷ್ಟವಾಗುತ್ತದೆ. ಸದ್ದು ಜಾಸ್ತಿಯಾದರೆ ಅಲ್ಲೇ ನಿಲ್ಲಿಸಿ. ಇನ್ನೊಂದು, ಕಮಾಂಡ್ ಬರೆಯುವಾಗ ಯಾವುದರಿಂದ, ಯಾವುದಕ್ಕೆ ಅನ್ನುವುದು ತಿರುಗುಮುರುಗಾದರೆ ಖಾಲಿ ಡಿಸ್ಕ್ ಹೋಗಿ ನಿಮ್ಮ ಫೋಟೋಗಳ ಮೇಲೆ ಕೂರುತ್ತದೆ. ಕಾಪಿ ತೆಗೆದುಕೊಳ್ಳಲು ಇನ್ನೊಂದು 1 ಟಿಬಿ ಡಿಸ್ಕ್ ತರಬೇಡಿ, 2 ಟಿಬಿಯದನ್ನು ತನ್ನಿ. ಅಳತೆ ಬೇರೆಬೇರೆ ಇದ್ದರೆ ಪಟ್ಟಿಯಲ್ಲಿ ಯಾವುದು ಯಾವುದು ಅಂತ ಗೊಂದಲ ಆಗುವುದಿಲ್ಲ. ಕಮಾಂಡ್ ಲೈನ್ ಕಂಡರೆ ಕೈ ನಡುಗುವವರು ಇದನ್ನು ಬಲ್ಲವರ ಕೈಲೇ ಮಾಡಿಸಬೇಕು. ಯಾವ ಕಾರಣಕ್ಕೂ ಈ ಡಿಸ್ಕನ್ನು ನೇರವಾಗಿ ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಬೇಡಿ. 'ಬಳಸುವ ಮುಂಚೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ?' ಅಂತ ಕೇಳುವ ಕಿಟಕಿ ಬರುತ್ತದೆ, ಓಕೆ ಒತ್ತುವುದು ನಮಗೆ ಕೈ ಚಟ.

ಕಾಪಿ ಸಿಕ್ಕ ಮೇಲೆ ಹಳೇ ಡಿಸ್ಕ್ ಕಪಾಟಿಗೆ ಹೋಗಲಿ, ಮುಂದಿನ ಕೆಲಸವೆಲ್ಲ ಕಾಪಿಯ ಮೇಲೆ. ಆರ್ ಸ್ಟುಡಿಯೋ, ಡಿಎಂಡಿಇ, ಟೆಸ್ಟ್‌ಡಿಸ್ಕ್ ಮುಂತಾದವು ಎಂಎಫ್‌ಟಿ ಪಟ್ಟಿ ಓದಿ ಫೋಲ್ಡರ್ ಮತ್ತು ಹೆಸರಿನ ಸಮೇತ ಫೈಲ್ ಕೊಡುತ್ತವೆ. ಪಟ್ಟಿಯೇ ಹಾಳಾಗಿದ್ದರೆ ಫೋಟೋರೆಕ್ ಇದೆ. ಅದಕ್ಕೆ ಪಟ್ಟಿ ಬೇಕಿಲ್ಲ. ಪ್ರತಿ ಜೆಪೆಗ್ ಫೋಟೋ ಎಫ್‌ಎಫ್ ಡಿ8 ಎಫ್‌ಎಫ್ ಅನ್ನುವ ಬೈಟ್‌ಗಳಿಂದ ಶುರುವಾಗುತ್ತದೆ, ಅಂಥ ಗುರುತುಗಳನ್ನು ಹುಡುಕಿ ಫೈಲ್ ಎತ್ತುತ್ತದೆ. ಹೆಸರು, ಫೋಲ್ಡರ್ ಎಲ್ಲ ಹೋಗಿ ಎಫ್ ಅಕ್ಷರದ ಮುಂದೆ ಉದ್ದನೆಯ ಅಂಕಿ ಇರುವ ಸಾವಿರಾರು ಫೈಲುಗಳು ಸಿಗುತ್ತವೆ. ಫೋಟೋದ ಒಳಗೇ ತೆಗೆದ ದಿನಾಂಕ ಇರುವುದರಿಂದ ಆಮೇಲೆ ದಿನದ ಲೆಕ್ಕದಲ್ಲಿ ಜೋಡಿಸಿಕೊಳ್ಳಬಹುದು. ದೊಡ್ಡ ವಿಡಿಯೋಗಳ ವಿಷಯದಲ್ಲಿ ಜಾಸ್ತಿ ಆಸೆ ಬೇಡ. ಅವು ತುಂಡುತುಂಡಾಗಿ ಬೇರೆಬೇರೆ ಕಡೆ ಕೂತಿದ್ದರೆ ಈ ವಿಧಾನದಲ್ಲಿ ಸರಿಯಾಗಿ ಕೂಡುವುದಿಲ್ಲ.

ಫೈಲ್ ಲ್ಯಾಬಿನಿಂದ ಬರಲಿ, ನೀವೇ ತೆಗೆದದ್ದಾಗಲಿ, ಥಂಬ್‌ನೇಲ್ ಕಂಡಿತು ಅಂತ ಸಮಾಧಾನಪಡಬೇಡಿ. ಫೋಟೋದ ಪುಟ್ಟ ಚಿತ್ರ ಫೈಲಿನ ಮೊದಲ ಭಾಗದಲ್ಲೇ ಬೇರೆಯಾಗಿ ಇರುತ್ತದೆ. ಅದು ಚೆನ್ನಾಗಿ ಕಂಡು, ದೊಡ್ಡದಾಗಿ ತೆರೆದಾಗ ಕೆಳಗಿನ ಅರ್ಧ ಬೂದು ಬಣ್ಣ ಬರುವುದು ಸಾಮಾನ್ಯ. ಒಂದೊಂದು ವರ್ಷದ ಫೋಲ್ಡರಿನಿಂದಲೂ ಹತ್ತಾರು ಫೋಟೋ ಪೂರ್ತಿ ತೆರೆದು ನೋಡಿ, ವಿಡಿಯೋಗಳನ್ನು ಕೊನೆಯವರೆಗೆ ಓಡಿಸಿ. ಎಲ್ಲವನ್ನೂ ಎರಡು ಬೇರೆ ಬೇರೆ ಡ್ರೈವ್‌ಗೆ ಹಾಕಿದ ಮೇಲೆ ಮಾತ್ರ ಹಳೇ ಹಾರ್ಡ್‌ಡಿಸ್ಕ್ ಬಿಸಾಡುವ ಯೋಚನೆ ಮಾಡಿ. ಅದನ್ನು ಫಾರ್ಮ್ಯಾಟ್ ಮಾಡಿ ಇನ್ನೊಂದಕ್ಕೆ ಬಳಸೋಣ ಅನ್ನುವ ಆಸೆಯಂತೂ ಬೇಡ.